ವಿಚರ್ 3 ಮುಗಿಸುವ ಮುನ್ನ: ಕೊನೆಯ ಹಂತಕ್ಕೊಂದು ಸಮಗ್ರ ಮಾರ್ಗದರ್ಶಿ

ನಮ್ಮ ತುಮಕೂರು ಸೀಮೆಯಲ್ಲಿ ಊರಹಬ್ಬಕ್ಕೆ ಪೌರಾಣಿಕ ನಾಟಕ ಇಲ್ಲದಿದ್ದರೆ ಹಬ್ಬ ಆದಂತೆಯೇ ಅಲ್ಲ. ರಾತ್ರಿ ಹತ್ತಕ್ಕೆ ಹಾರ್ಮೋನಿಯಂ ಶುರುವಾದರೆ ಕೋಳಿ ಕೂಗುವವರೆಗೂ ನಡೆಯುತ್ತದೆ. ಕೃಷ್ಣನ ಒಂದೊಂದು ಹಾಡಿಗೂ ಒನ್ಸ್ ಮೋರ್, ನಡುವೆ ಹಾರ, ಶಾಲು, ನೂರು ರೂಪಾಯಿಯ ಮುಯ್ಯಿ. ಹೀಗಾಗಿ ಗದಾಯುದ್ಧದ ಹೊತ್ತಿಗೆ ಅರ್ಧ ಊರು ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿರುತ್ತದೆ. ಸಾವಿರಗಟ್ಟಲೆ ಕೊಟ್ಟು ದುರ್ಯೋಧನನ ಪಾತ್ರ ಹಾಕಿದವನು ತೊಡೆ ಮುರಿಸಿಕೊಂಡು ಬೀಳುವಾಗ ನೋಡಲು ಅವನ ಹೆಂಡತಿಯೂ ಎದ್ದಿರುವುದಿಲ್ಲ.

ನೂರಾರು ಗಂಟೆಯ ವಿಡಿಯೋ ಆಟಗಳ ಗತಿಯೂ ಇದೇ. ಶುರುವಿನಲ್ಲಿ ಪ್ರತಿ ಪೊದೆಯನ್ನೂ ಕೆದಕುತ್ತೇವೆ, ಪ್ರತಿ ಹಳ್ಳಿಯ ಗೋಳನ್ನೂ ಕೇಳುತ್ತೇವೆ. ಕೊನೆ ಹತ್ತಿರ ಬಂದಾಗ ಒಂದೋ ಬೇಸರ ಬಂದು ನಿಲ್ಲಿಸುತ್ತೇವೆ, ಇಲ್ಲವೇ ಒಂದೇ ಉಸಿರಿಗೆ ಓಡಿ ಅರ್ಧಂಬರ್ಧ ಮುಗಿಸುತ್ತೇವೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 2015ರ ಮೇ 19ರಂದು ಬಿಡುಗಡೆ ಮಾಡಿದ ‘ದಿ ವಿಚರ್ 3: ವೈಲ್ಡ್ ಹಂಟ್’ ಅನ್ನು ನಾನು ಎರಡು ಸಲ ಮುಗಿಸಿದ್ದೇನೆ. ಮೊದಲ ಸಲ ಓಡಿದೆ, ಕೈಗೆ ಸಿಕ್ಕಿದ್ದು ಒಂದು ಕೆಟ್ಟ ಅಂತ್ಯ ಮತ್ತು ವಾರಗಟ್ಟಲೆ ಸಂಕಟ. ಎರಡನೇ ಸಲ ಎಂಟು ತಿಂಗಳು ತೆಗೆದುಕೊಂಡೆ. ಆ ಎರಡನೇ ಸಲದಲ್ಲಿ ಕಲಿತದ್ದು ಇಷ್ಟು: ಈ ಆಟದ ಅಂತ್ಯ ಕೊನೆಯ ಯುದ್ಧದಲ್ಲಿ ತೀರ್ಮಾನವಾಗುವುದಿಲ್ಲ. ಅದಕ್ಕೂ ಬಹಳ ಮೊದಲು, ನೀವು ಯಾರನ್ನು ನಡುದಾರಿಯಲ್ಲಿ ಬಿಟ್ಟು ಬಂದಿರಿ ಎನ್ನುವುದರಲ್ಲಿ ತೀರ್ಮಾನವಾಗಿರುತ್ತದೆ.

ಕಥೆಯ ಗುಟ್ಟುಗಳನ್ನು ಆದಷ್ಟು ಮುಚ್ಚಿಟ್ಟೇ ಬರೆಯುತ್ತೇನೆ. ಏನು ಮಾಡಬೇಕು ಎಂದು ಹೇಳುತ್ತೇನೆ, ಮಾಡಿದರೆ ಏನಾಗುತ್ತದೆ ಎಂದು ಬಹುತೇಕ ಹೇಳುವುದಿಲ್ಲ. ಆಟದೊಳಗೆ ಕ್ವೆಸ್ಟ್‌ಗಳ, ಅಂದರೆ ಆಟ ನಿಮಗೆ ಒಪ್ಪಿಸುವ ಕೆಲಸಗಳ ಹೆಸರು ಇಂಗ್ಲಿಷಿನಲ್ಲೇ ಇರುವುದರಿಂದ, ಅವುಗಳ ಪಟ್ಟಿಯಿರುವ ನಿಮ್ಮ ಜರ್ನಲ್ ಜೊತೆ ತಾಳೆ ನೋಡಲು ಅನುಕೂಲವಾಗಲೆಂದು ಹಾಗೇ ಉಳಿಸಿಕೊಂಡಿದ್ದೇನೆ.

ಮೊದಲು: ನೀವು ಎಲ್ಲಿದ್ದೀರಿ?

ಕಥೆ ನಿಮ್ಮನ್ನು ವೆಲೆನ್, ನೋವಿಗ್ರಾಡ್, ಸ್ಕೆಲಿಗೆ ಎಂದು ಮೂರು ಸೀಮೆ ಸುತ್ತಿಸುತ್ತದೆ. ಎಲ್ಲ ಸುತ್ತಿದ ಮೇಲೆ ‘ಅಗ್ಲಿ ಬೇಬಿ’ ಎಂಬ ಕ್ವೆಸ್ಟ್ ಬರುತ್ತದೆ, ವಿಚರ್‌ಗಳ, ಅಂದರೆ ಕೂಲಿಗೆ ಮೃಗಬೇಟೆ ಮಾಡುವವರ ಹಳೇ ಕೋಟೆ ಕೇರ್ ಮೊರ್ಹೆನ್‌ಗೆ ಹೋಗುತ್ತೀರಿ. ಅಲ್ಲಿಂದ ಮುಂದೆ ಎರಡು ಬಾಗಿಲುಗಳಿವೆ, ಎರಡೂ ದಾಟಿದವರ ಹಿಂದೆ ಮುಚ್ಚಿಕೊಳ್ಳುವಂಥವು.

ಮೊದಲನೇ ಬಾಗಿಲು ‘ದಿ ಐಲ್ ಆಫ್ ಮಿಸ್ಟ್ಸ್’, ಮಂಜಿನ ದ್ವೀಪ. ಸೂಚಿತ ಲೆವೆಲ್ 22. ಇದನ್ನು ಶುರು ಮಾಡಿದರೆ ಮುಗಿಸದೆ ಬಿಟ್ಟ ಹತ್ತಾರು ಉಪಕಥೆಗಳು ತಾನಾಗಿಯೇ ವಿಫಲ ಎಂದು ದಾಖಲಾಗುತ್ತವೆ. ಆಟವೇ ಒಂದು ಎಚ್ಚರಿಕೆಯನ್ನೂ ತೋರಿಸುತ್ತದೆ. ನಾನು ಮೊದಲ ಸಲ ಅದನ್ನು ಓದದೆ ಎಂಟರ್ ಒತ್ತಿದ್ದೆ. ನಾವು ಯಾವ ಆ್ಯಪ್‌ನ ಷರತ್ತುಗಳನ್ನು ತಾನೇ ಓದಿ ಒಪ್ಪಿಕೊಂಡಿದ್ದೇವೆ ಹೇಳಿ?

ಎರಡನೇ ಬಾಗಿಲು ‘ಆನ್ ಥಿನ್ ಐಸ್’. ಇಷ್ಟರಲ್ಲಿ ನಿಮ್ಮ ಲೆವೆಲ್ ಮೂವತ್ತರ ಆಸುಪಾಸು ಇರಬೇಕು. ಇದರಾಚೆ ಅಂಗಡಿ ಇಲ್ಲ, ಕಮ್ಮಾರನಿಲ್ಲ, ಕುದುರೆ ಹತ್ತಿ ಊರಾಡುವುದಿಲ್ಲ. ಕಥೆ ಮುಗಿಯುವವರೆಗೂ ಒಂದೇ ದಾರಿ.

ಈಗ ಜರ್ನಲ್ ತೆರೆದು ನೋಡಿ. ‘ಅಗ್ಲಿ ಬೇಬಿ’ ಇನ್ನೂ ಬಂದಿಲ್ಲವಾದರೆ ಆರಾಮವಾಗಿರಿ. ‘ಬ್ರದರ್ಸ್ ಇನ್ ಆರ್ಮ್ಸ್’ ಎಂಬ ಹೆಸರಿನ ಕ್ವೆಸ್ಟ್‌ಗಳು ಕಾಣುತ್ತಿದ್ದರೆ ನೀವು ಮೊದಲನೇ ಬಾಗಿಲ ಹೊಸ್ತಿಲಲ್ಲೇ ನಿಂತಿದ್ದೀರಿ. ಈ ಬರಹ ನಿಮಗಾಗಿಯೇ.

ಸೇವ್ ಮಾಡಿಟ್ಟುಕೊಳ್ಳಿ, ಆಟದ ಹೊರಗೂ

ಕ್ವಿಕ್ ಸೇವ್ ಸಾಲದು. ಆಟೋಸೇವ್ ನಂಬಲೇಬೇಡಿ, ಅದು ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಮೆನು ತೆರೆದು, ಕೈಯಾರೆ, ಹೊಸ ಜಾಗದಲ್ಲಿ ಒಂದು ಸೇವ್ ಮಾಡಿ. ಕಾದಾಟದ ನಡುವೆ, ಸಂಭಾಷಣೆಯ ನಡುವೆ ಸೇವ್ ಆಗುವುದಿಲ್ಲವಾದ್ದರಿಂದ ಶಾಂತವಾದ ಒಂದು ಜಾಗ ನೋಡಿಕೊಂಡು ಮಾಡಿ. ಕಂಪ್ಯೂಟರಿನಲ್ಲಿ ಆಡುವವರಾದರೆ ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ದಿ ವಿಚರ್ 3, ಅದರೊಳಗೆ ಗೇಮ್‌ಸೇವ್ಸ್ ಎಂಬ ಫೋಲ್ಡರ್ ಇರುತ್ತದೆ. ಅದನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಫೋಲ್ಡರಿಗೆ ‘ದ್ವೀಪಕ್ಕೆ ಮುಂಚೆ’ ಎಂದು ಹೆಸರಿಡಿ. ಆರು ತಿಂಗಳಾದ ಮೇಲೆ ನೋಡಿದರೂ ಏನೆಂದು ಗೊತ್ತಾಗಬೇಕಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಮನೆ ಕ್ಯಾತ್ಸಂದ್ರದಲ್ಲಿ. ಒಂದು ಸಂಜೆ ಮಳೆಗೆ ಮುಂಚಿನ ಗಾಳಿ ಎದ್ದಿತು, ಸರಿಯಾಗಿ ಸೇವ್ ಆಗುತ್ತಿರುವಾಗಲೇ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು, ಬದಲಾಯಿಸುವ ಸೋಮಾರಿತನ ನನ್ನದೇ. ಕರೆಂಟು ಬಂದ ಮೇಲೆ ನೋಡಿದರೆ ಆ ಸೇವ್ ತೆರೆಯಲೇ ಇಲ್ಲ. ನಾಲ್ಕು ಗಂಟೆಯ ಆಟ ಗಾಳಿಗೆ ಹೋಯಿತು. ಹೊಸ ಬ್ಯಾಟರಿಗೆ ಕೊಟ್ಟ ದುಡ್ಡಿಗಿಂತ ಆ ನಾಲ್ಕು ಗಂಟೆ ದುಬಾರಿ. ಮಳೆಗಾಲದ ಮುಂಚಿನ ಸಂಜೆಗಳಲ್ಲಿ ಕೊನೆಯ ಯುದ್ಧಕ್ಕೆ ಕೈಹಾಕಬೇಡಿ, ಬೆಳಿಗ್ಗೆ ಆಡಿ.

ಇನ್ನೊಂದು ಮಾತು. ಮೋಡ್ (ಆಟಗಾರರೇ ಮಾಡಿ ಹಂಚುವ ಮಾರ್ಪಾಡು) ಹಾಕಿಕೊಂಡು ಆಡುತ್ತಿರುವವರು ಈ ಹಂತದಲ್ಲಿ ತಾನಾಗಿಯೇ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿಡಿ. 2022ರ ಡಿಸೆಂಬರಿನಲ್ಲಿ ಬಂದ ದೊಡ್ಡ ಉಚಿತ ಅಪ್‌ಡೇಟ್ ಎಷ್ಟೋ ಹಳೇ ಮೋಡ್‌ಗಳನ್ನು ಕೆಲಸಕ್ಕೆ ಬಾರದಂತೆ ಮಾಡಿತು. ನಿಮ್ಮದು ಹಳೇ ಕಂಪ್ಯೂಟರಾದರೆ ಆಟ ಶುರು ಮಾಡುವಾಗಲೇ ಡೈರೆಕ್ಟ್‌ಎಕ್ಸ್ 11 ಆರಿಸಿಕೊಳ್ಳಿ. ಮಿಂಚು ಕಡಿಮೆ, ನೆಮ್ಮದಿ ಹೆಚ್ಚು.

ಮುಗಿಸಬೇಕಾದ ಋಣಗಳು

ಇದೇ ಈ ಬರಹದ ಹೊಟ್ಟೆ. ನಿಧಾನವಾಗಿ ಓದಿ.

ಉಪಕಥೆಗಳೆಲ್ಲ ಒಂದೇ ತೂಕದವಲ್ಲ. ಊರ ಬಾವಿಯ ದೆವ್ವ ಓಡಿಸುವುದು, ಕಾಡಿನ ಮೃಗ ಕೊಂದು ಕೂಲಿ ಪಡೆಯುವುದು, ನಿಧಿ ಹುಡುಕುವುದು, ಇವು ಕಥೆ ಮುಗಿದ ಮೇಲೂ ನಿಮಗಾಗಿ ಕಾದಿರುತ್ತವೆ. ಕಾಯದಿರುವುದು ಸ್ನೇಹಿತರ ಕಥೆಗಳು. ಹಾಗಾಗಿ ಜರ್ನಲ್‌ನಲ್ಲಿ ಲೆವೆಲ್ ನೋಡಿ ಆರಿಸಬೇಡಿ, ಹೆಸರು ನೋಡಿ ಆರಿಸಿ. ನೀವು ನಡೆಸುವ ನಾಯಕ ಗೆರಾಲ್ಟ್‌ಗೆ ಹತ್ತಿರದವರು ಯಾರಾದರೂ ಆ ಕ್ವೆಸ್ಟ್‌ನಲ್ಲಿ ಇದ್ದಾರೆಯೇ? ಇದ್ದರೆ ಅದು ಮೊದಲು.

ವೆಲೆನ್‌ನಿಂದ ಶುರು ಮಾಡೋಣ. ಮಾಟಗಾತಿ ಕೀರಾ ಮೆಟ್ಜ್‌ಳ ಸರಣಿ ‘ಎ ಟವರ್‌ಫುಲ್ ಆಫ್ ಮೈಸ್’ ಮೂಲಕ ಹಾದು ‘ಫಾರ್ ದಿ ಅಡ್ವಾನ್ಸ್‌ಮೆಂಟ್ ಆಫ್ ಲರ್ನಿಂಗ್’ನಲ್ಲಿ ಮುಗಿಯುತ್ತದೆ. ಕೊನೆಯ ಮಾತುಕತೆಯಲ್ಲಿ ಸಿಟ್ಟಿಗೆದ್ದು ಕತ್ತಿ ಹಿರಿಯಬೇಡಿ, ಅವಳ ಪಾಡಿಗೆ ಅವಳನ್ನು ಬಿಡಲೂ ಬೇಡಿ. ಕೇರ್ ಮೊರ್ಹೆನ್‌ಗೆ ಹೋಗು ಎಂದು ಒಪ್ಪಿಸಿ. ಲಿಂಡನ್‌ವೇಲ್ ಹತ್ತಿರ ಪಾಳುಬಿದ್ದ ರಿಯರ್ಡನ್ ಬಂಗಲೆಯಲ್ಲಿ ‘ಗೋಸ್ಟ್ಸ್ ಆಫ್ ದಿ ಪಾಸ್ಟ್’ ಶುರುವಾಗುತ್ತದೆ. ಹಿಂದಿನ ಭಾಗ ಆಡಿದವರಿಗೆ ಅಲ್ಲಿ ಹಳೇ ಗುರುತಿನ ಬೋಳುತಲೆಯೊಂದು ಸಿಗುತ್ತದೆ, ನಿಮ್ಮ ಹಿಂದಿನ ಕಥೆಯಲ್ಲಿ ಅವನು ಬದುಕಿದ್ದರೆ ಮಾತ್ರ.

ನೋವಿಗ್ರಾಡ್‌ನಲ್ಲಿ ಗಂಟು ಹೆಚ್ಚು. ‘ಎ ಡೆಡ್ಲಿ ಪ್ಲಾಟ್’, ‘ಆ್ಯನ್ ಐ ಫಾರ್ ಆ್ಯನ್ ಐ’, ‘ರೆಡೇನಿಯಾಸ್ ಮೋಸ್ಟ್ ವಾಂಟೆಡ್’, ಮಾಟಗಾತಿ ಟ್ರಿಸ್‌ಳ ‘ನೌ ಆರ್ ನೆವರ್’, ಈ ನಾಲ್ಕನ್ನೂ ದ್ವೀಪಕ್ಕೆ ಹೋಗುವ ಮೊದಲೇ ಮುಗಿಸಿ. ಯಾಕೆ ಅಂದರೆ ಇವು ಮುಗಿದಿದ್ದರೆ ಮಾತ್ರ ಮುಂದೆ ‘ರೀಸನ್ ಆಫ್ ಸ್ಟೇಟ್’ ಎಂಬ ಕ್ವೆಸ್ಟ್ ತೆರೆದುಕೊಳ್ಳುತ್ತದೆ. ಕಥೆಯ ಹಿನ್ನೆಲೆಯಲ್ಲಿ ನಡೆಯುವ ರಾಜ್ಯಗಳ ಯುದ್ಧದಲ್ಲಿ ಯಾರು ಗೆಲ್ಲುತ್ತಾರೆ ಎನ್ನುವುದು ಆ ಒಂದು ಕ್ವೆಸ್ಟ್ ಮೇಲೆ ನಿಂತಿದೆ. ಮೊದಲ ಸಲ ಆಡುವಾಗ ಇಂಥದ್ದೊಂದು ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಕಥೆಯ ಅರ್ಧ ರಾಜಕೀಯ ನನ್ನ ಬೆನ್ನಹಿಂದೆಯೇ ನಡೆದು ಮುಗಿದಿತ್ತು.

ಇಲ್ಲೇ ಒಂದು ಬೋನು ಇದೆ. ಡೈಕ್‌ಸ್ಟ್ರಾ ಎಂಬ ದಢೂತಿ ಗೂಢಚಾರ ದ್ವೀಪದ ನಂತರ ಬರುವ ‘ಬ್ಲೈಂಡಿಂಗ್ಲಿ ಆಬ್ವಿಯಸ್’ನಲ್ಲಿ ನಿಮಗೆ ಅಡ್ಡ ನಿಲ್ಲುತ್ತಾನೆ. ಆಗ ಜೋರಾಗಿ ತಳ್ಳುವ ಆಯ್ಕೆ ಒತ್ತಿದರೆ ಅವನ ಕಾಲು ಮುರಿಯುತ್ತದೆ, ಜೊತೆಗೆ ಆ ರಾಜಕೀಯದ ಬಾಗಿಲೂ ಮುಚ್ಚುತ್ತದೆ. ‘ತಳ್ಳು’ ಅಂದರೆ ಸ್ವಲ್ಪ ಸರಿಸುವುದು ಅಂದುಕೊಂಡು ಒತ್ತಿ ತಲೆ ಚಚ್ಚಿಕೊಂಡವರು ಬಹಳ ಮಂದಿ. ಮನಸ್ಸು ಒಲಿಸುವ ಆಕ್ಸಿ ಮಂತ್ರ ಹಾಕಿ ಅಥವಾ ಮಾತಿನಲ್ಲೇ ಸಾಗಹಾಕಿ.

ಸ್ಕೆಲಿಗೆಯಲ್ಲಿ ರಾಜನ ಆಯ್ಕೆ ನಡೆಯುತ್ತಿರುತ್ತದೆ. ಅಣ್ಣ ಹ್ಯಾಲ್ಮರ್‌ನದು ‘ದಿ ಲಾರ್ಡ್ ಆಫ್ ಉಂಡ್ವಿಕ್’, ತಂಗಿ ಸೆರಿಸ್‌ಳದು ‘ಪೊಸೆಷನ್’. ಎರಡನ್ನೂ ಮುಗಿಸಿದರೆ ‘ಕಿಂಗ್ಸ್ ಗ್ಯಾಂಬಿಟ್’, ಆಮೇಲೆ ‘ಕೊರೊನೇಷನ್’. ಯಾರನ್ನು ಗದ್ದುಗೆಗೇರಿಸುತ್ತೀರಿ ಎನ್ನುವುದು ನಿಮಗೆ ಬಿಟ್ಟದ್ದು. ನನ್ನ ಮತ ತಂಗಿಗೆ. ಅಣ್ಣನಿಗೆ ಗುಂಡಿಗೆ ದೊಡ್ಡದು, ತಲೆ ಅಷ್ಟಲ್ಲ.

ಇನ್ನೊಬ್ಬ ಮಾಟಗಾತಿ ಯೆನ್ನೆಫರ್‌ಳ ‘ದಿ ಲಾಸ್ಟ್ ವಿಶ್’ ಕೂಡ ಸ್ಕೆಲಿಗೆಯಲ್ಲೇ. ಇಲ್ಲಿ ಒಂದು ಎಚ್ಚರಿಕೆ. ಟ್ರಿಸ್‌ಳಿಗೂ ಪ್ರೀತಿಸುತ್ತೇನೆ ಎಂದು ಹೇಳಿ, ಯೆನ್ನೆಫರ್‌ಳಿಗೂ ಹಾಗೇ ಹೇಳಿದರೆ ಇಬ್ಬರೂ ಸೇರಿ ಗೆರಾಲ್ಟ್‌ನನ್ನು ಮಂಚಕ್ಕೆ ಕಟ್ಟಿ ಹಾಕಿ ಎದ್ದು ಹೋಗುತ್ತಾರೆ. ಅದನ್ನು ನೋಡಲೆಂದೇ ಇಬ್ಬರಿಗೂ ಮಾತು ಕೊಡುವವರಿದ್ದಾರೆ. ಕಥೆ ಮುಗಿಯುವಾಗ ಮಾತ್ರ ಒಬ್ಬನೇ ಕುದುರೆ ಮೇಲೆ ಹೋಗಬೇಕಾಗುತ್ತದೆ, ಅದಕ್ಕೆ ಸಿದ್ಧರಿದ್ದರೆ ಅಡ್ಡಿಯಿಲ್ಲ.

ಇಷ್ಟಾದ ಮೇಲೆ ‘ಬ್ರದರ್ಸ್ ಇನ್ ಆರ್ಮ್ಸ್’. ಹಿಂದೆ ಸಹಾಯ ಮಾಡಿದವರ ಮನೆಬಾಗಿಲಿಗೆ ಹೋಗಿ, ಯುದ್ಧ ಬರುತ್ತಿದೆ, ಬನ್ನಿ ಎಂದು ಕೇಳುವುದು ಅಷ್ಟೇ ಕೆಲಸ. ಮದುವೆ ಕರೆಯೋಲೆ ಹಂಚಿದಂತೆ, ಒಬ್ಬೊಬ್ಬರನ್ನೂ ಖುದ್ದಾಗಿ ಕರೆಯಬೇಕು. ಹಳೇ ಸೈನಿಕರಾದ ರೋಶ್ ಮತ್ತು ವೆಸ್, ಕುಳ್ಳ ಝೋಲ್ಟನ್, ಹ್ಯಾಲ್ಮರ್, ಮುದುಕ ಎರ್ಮಿಯಾನ್, ಮೊದಲೇ ಒಪ್ಪಿಸಿದ್ದ ಕೀರಾ, ಆ ಬೋಳುತಲೆ, ಟ್ರಿಸ್. ಎಲ್ಲರೂ ಬಂದರೆ ಒಂದು ಅಚೀವ್‌ಮೆಂಟ್ ಕೂಡ ಸಿಗುತ್ತದೆ. ಅದಕ್ಕಿಂತ ಮುಖ್ಯ, ಕೋಟೆಯ ಅಂಗಳದಲ್ಲಿ ಎಂಬತ್ತು ಗಂಟೆಗಳ ಗುರುತಿನ ಮುಖಗಳೆಲ್ಲ ಒಟ್ಟಿಗೆ ನಿಂತಿರುವುದನ್ನು ನೋಡುವ ಸುಖ. ಮೊದಲ ಸಲ ನನ್ನ ಅಂಗಳ ಭಣಗುಡುತ್ತಿತ್ತು.

ಇಸ್ಪೀಟು ಹುಚ್ಚಿನವರಿಗೆ ಒಂದು ಸಾಲು. ಆಟದೊಳಗಿನ ಇಸ್ಪೀಟಾಟ ಗ್ವೆಂಟ್‌ನ ಎಲ್ಲ ಕಾರ್ಡು ಕೂಡಿಸಬೇಕೆಂದಿದ್ದರೆ ಟ್ರಿಸ್ ಜೊತೆ ಮುಖವಾಡ ಹಾಕಿ ಹೋಗುವ ಔತಣದ ಪಂದ್ಯ ಬಿಡಬೇಡಿ. ಆ ಕ್ವೆಸ್ಟ್ ಹೆಸರು ‘ಎ ಮ್ಯಾಟರ್ ಆಫ್ ಲೈಫ್ ಆ್ಯಂಡ್ ಡೆತ್’. ಝೋಲ್ಟನ್‌ನ ‘ಎ ಡೇಂಜರಸ್ ಗೇಮ್’, ನೋವಿಗ್ರಾಡ್‌ನ ದೊಡ್ಡ ಆಟಗಾರರ ಸರಣಿ, ಇವೂ ದ್ವೀಪಕ್ಕೆ ಮುಂಚೆಯೇ ಮುಗಿಯಬೇಕು.

ಬಿಟ್ಟುಬಿಡಬೇಕಾದದ್ದು

ಸ್ಕೆಲಿಗೆಯ ಸಮುದ್ರದ ತುಂಬ ಪ್ರಶ್ನಾರ್ಥಕ ಚಿಹ್ನೆಗಳಿವೆ. ದೋಣಿ ನಡೆಸಿಕೊಂಡು ಹೋಗಿ, ಮೇಲೆ ಹಾರಾಡುವ ಹೆಣ್ಣುಹಕ್ಕಿಗಳನ್ನು ಬಾಣದಿಂದ ಕೆಡವಿ, ಮುಳುಗಿ ಪೀಪಾಯಿ ತೆರೆದರೆ ಒಂದಿಷ್ಟು ಮಾರುವ ಸಾಮಾನು. ನಾನು ಹದಿನಾರು ತೆರೆದು ಕೈಬಿಟ್ಟೆ. ಆಟ ಮಾಡಿದವರಿಗೇ ಈ ಕಾಟ ಅರ್ಥವಾಯಿತೋ ಏನೋ, 2022ರ ಅಪ್‌ಡೇಟ್‌ನಲ್ಲಿ ಈ ಚಿಹ್ನೆಗಳು ಮೊದಲಿಗೆ ಕಾಣದ ಹಾಗೆ ನಕ್ಷೆಗೊಂದು ಸೋಸುಬಟ್ಟೆ ಹಾಕಿದರು. ಬಿಡಿ ಅದನ್ನ.

ಲೆವೆಲ್ ಏರಿಸುವ ಹುಚ್ಚೂ ಬೇಡ. ಕ್ವೆಸ್ಟ್‌ನ ಸೂಚಿತ ಲೆವೆಲ್‌ಗಿಂತ ಐದಾರು ಮೇಲಿದ್ದರೆ ಅದು ಬೂದು ಬಣ್ಣಕ್ಕೆ ತಿರುಗುತ್ತದೆ, ಅದರಿಂದ ಸಿಗುವ ಅನುಭವದ ಅಂಕ ನೆಪಮಾತ್ರ. ಮೇಲೆ ಹೇಳಿದ ಸ್ನೇಹಿತರ ಕಥೆಗಳನ್ನು ಮುಗಿಸಿದರೆ ಸಾಕು, ಲೆವೆಲ್ ತಾನಾಗಿಯೇ ಬಂದಿರುತ್ತದೆ.

ಗಂಟು ಬಿಚ್ಚಿ: ಆಯುಧ, ಕವಚ, ಔಷಧಿ

ಹಬ್ಬಕ್ಕೆಂದು ತೆಗೆದಿಟ್ಟ ರೇಷ್ಮೆ ಸೀರೆ ಬೀರುವಿನಲ್ಲೇ ಹುಳ ಹಿಡಿಯುತ್ತದೆ. ಈ ಆಟ ಆಡುವವರಲ್ಲಿ ಮುಕ್ಕಾಲು ಪಾಲು ಜನ ಔಷಧಿಗಳನ್ನು ಹಾಗೇ ಕೂಡಿಡುತ್ತಾರೆ, ದೊಡ್ಡ ಬಾಸ್‌ಗೆ, ಅಂದರೆ ಕೊನೆಯ ಬಲಶಾಲಿ ಶತ್ರುವಿಗೆ ಇರಲಿ ಎಂದು. ಕೊನೆಗೆ ದೊಡ್ಡ ಬಾಸ್ ಸತ್ತ ಮೇಲೂ ಅವು ಚೀಲದಲ್ಲೇ ಇರುತ್ತವೆ.

ವಿಚರ್ 3ರಲ್ಲಂತೂ ಕೂಡಿಡುವುದಕ್ಕೆ ಅರ್ಥವೇ ಇಲ್ಲ. ಒಂದು ಔಷಧಿಯನ್ನು ಒಮ್ಮೆ ಮಾಡಿದರೆ ಸಾಕು. ಕುಡಿದು ಖಾಲಿಯಾದ ಮೇಲೆ ಧ್ಯಾನಕ್ಕೆ ಕುಳಿತರೆ, ಚೀಲದಲ್ಲಿ ಗಟ್ಟಿ ಮದ್ಯ ಒಂದು ಬಾಟಲಿ ಇದ್ದರೆ, ಎಲ್ಲವೂ ಮತ್ತೆ ತುಂಬಿಕೊಳ್ಳುತ್ತವೆ. ಕತ್ತಿಗೆ ಸವರುವ ಎಣ್ಣೆಯಂತೂ ಒಮ್ಮೆ ಮಾಡಿಕೊಂಡರೆ ಮುಗಿಯುವುದೇ ಇಲ್ಲ. ಹಾಗಾಗಿ ನೀವು ಕೂಡಿಡಬೇಕಾದದ್ದು ಔಷಧಿಯನ್ನಲ್ಲ, ಆಲ್ಕೊಹೆಸ್ಟ್ ಅಥವಾ ಡ್ವಾರ್ವೆನ್ ಸ್ಪಿರಿಟ್‌ನಂಥ ಮದ್ಯವನ್ನು. ಹತ್ತು ಬಾಟಲಿ ಇಟ್ಟುಕೊಳ್ಳಿ. ಕ್ಲಿಷ್ಟತೆ ಹೆಚ್ಚಿನ ಹಂತದಲ್ಲಿ ಆಡುವವರು ಡಿಕಾಕ್ಷನ್ ಎಂಬ ಗಟ್ಟಿ ಕಷಾಯಗಳನ್ನೂ ಮಾಡಿಕೊಳ್ಳಿ. ಒಂದು ಕುಡಿದರೆ ಅರ್ಧ ಗಂಟೆ ಇರುತ್ತದೆ. ನಂಜು ಮಿತಿ ಮೀರಿದರೆ ವೈಟ್ ಹನಿ ಕುಡಿದು ಇಳಿಸಿಕೊಳ್ಳಿ, ಆದರೆ ಅದು ಒಳ್ಳೆಯ ಪರಿಣಾಮಗಳನ್ನೂ ತೊಳೆದು ಹಾಕುತ್ತದೆ.

ಕವಚದ ಮಾತಿಗೆ ಬರೋಣ. ವಿಚರ್ ಗೇರ್‌ನಲ್ಲಿ ಗ್ರಿಫಿನ್, ಬೆಕ್ಕು, ಕರಡಿ, ತೋಳ ಎಂದು ಬಗೆಗಳಿವೆ. ಮಂತ್ರ ಹೆಚ್ಚು ಬಳಸುವವರಿಗೆ ಗ್ರಿಫಿನ್, ಚುರುಕಾಗಿ ಕತ್ತಿ ಬೀಸುವವರಿಗೆ ಬೆಕ್ಕು, ಏಟು ತಡೆದುಕೊಂಡು ನಿಲ್ಲುವವರಿಗೆ ಕರಡಿ. ಕೊನೆಯ ಯುದ್ಧಕ್ಕೆ ಸುಪೀರಿಯರ್ ದರ್ಜೆ ಸಾಕು. ಗ್ರಿಫಿನ್‌ಗೆ ಲೆವೆಲ್ 26, ಬೆಕ್ಕಿಗೆ 29, ಕರಡಿಗೆ 30 ಬೇಕು. ಅದಕ್ಕೂ ಮೇಲಿನ ಮಾಸ್ಟರ್‌ಕ್ರಾಫ್ಟೆಡ್ ದರ್ಜೆ ಲೆವೆಲ್ 34ಕ್ಕೆ. ಅದನ್ನು ಕಾಯುತ್ತಾ ಕೂರಬೇಡಿ, ಕಥೆ ಮುಗಿದ ಮೇಲೆ ಮಾಡಿಸಿಕೊಂಡರಾಯಿತು.

ಮೇಲಿನ ದರ್ಜೆಯ ಕೆಲಸಕ್ಕೆ ಮಾಸ್ಟರ್ ಕಮ್ಮಾರರೇ ಬೇಕು. ಆಟದಲ್ಲಿ ನನಗೆ ತುಂಬ ಇಷ್ಟವಾದ ಇಬ್ಬರು ಇವರೇ. ನೋವಿಗ್ರಾಡ್‌ನ ಹಾಟೋರಿ ಅಪ್ರತಿಮ ಕತ್ತಿಕುಶಲಿ, ಆದರೆ ಊರ ಗೂಂಡಾಗಳ ಕಾಟಕ್ಕೆ ಕುಲುಮೆ ಮುಚ್ಚಿ ಕಡುಬು ಮಾರುತ್ತಾ ಕೂತಿರುತ್ತಾನೆ. ‘ಆಫ್ ಸ್ವೋರ್ಡ್ಸ್ ಆ್ಯಂಡ್ ಡಂಪ್ಲಿಂಗ್ಸ್’ ಮುಗಿಸಿ ಅವನನ್ನು ಮತ್ತೆ ಸುತ್ತಿಗೆ ಹಿಡಿಸಬೇಕು. ಕ್ರೋಸ್ ಪರ್ಚ್ ಕೋಟೆಯಲ್ಲಿ ಯೋಆನಾ ಇದ್ದಾಳೆ. ಹೆಸರು ಗಂಡಾಳು ಫರ್ಗಸ್‌ನದು, ಕೆಲಸವೆಲ್ಲ ಅವಳದು. ಅವಳ ‘ಮಾಸ್ಟರ್ ಆರ್ಮರರ್ಸ್’ ಕ್ವೆಸ್ಟ್‌ಗೆ ಉಂಡ್ವಿಕ್ ದ್ವೀಪದಿಂದ ಹಳೇ ಹತಾರಗಳನ್ನು ತರಬೇಕು. ಹ್ಯಾಲ್ಮರ್‌ನ ಕ್ವೆಸ್ಟ್‌ಗೂ ಅದೇ ದ್ವೀಪಕ್ಕೆ ಹೋಗಬೇಕಲ್ಲ, ಎರಡೂ ಕೆಲಸ ಒಂದೇ ಸವಾರಿಯಲ್ಲಿ ಮುಗಿಸಿ. ನಾನು ಎರಡು ಸಲ ಹೋಗಿ ಬಂದೆ.

ಕೌಶಲದ ಅಂಕಗಳನ್ನು ತಪ್ಪಾಗಿ ಹಂಚಿಕೊಂಡಿದ್ದೀರಿ ಅನ್ನಿಸಿದರೆ 1000 ಕ್ರೌನ್ ಕೊಟ್ಟು ಪೋಷನ್ ಆಫ್ ಕ್ಲಿಯರೆನ್ಸ್ ಕೊಳ್ಳಿ, ಎಲ್ಲವೂ ಕೈಗೆ ವಾಪಸ್ ಬರುತ್ತದೆ. ಸಂಶಯವಿದ್ದರೆ ಕ್ವೆನ್ ಕಡೆ ಹಾಕಿ. ಗುರಾಣಿಯ ಆ ಒಂದು ಮಂತ್ರ ಕೊನೆಯ ಮೂರೂ ದೊಡ್ಡ ಕಾದಾಟಗಳಲ್ಲಿ ಕಾಯುತ್ತದೆ.

ರಿಪೇರಿ ಕಿಟ್‌ಗಳನ್ನು ಮರೆಯಬೇಡಿ. ಕತ್ತಿಗೆ ಮೂರು, ಕವಚಕ್ಕೆ ಮೂರು. ಎರಡನೇ ಬಾಗಿಲಿನಾಚೆ ಕಮ್ಮಾರನಿಲ್ಲ ಎಂದು ಆಗಲೇ ಹೇಳಿದೆ.

ದ್ವೀಪಕ್ಕೆ ಹೊರಡುವ ದಿನ

ಒಂದು ಭಾನುವಾರ ತೆಗೆದಿಡಿ. ದ್ವೀಪ, ಅದರ ಬೆನ್ನಿಗೇ ಕೇರ್ ಮೊರ್ಹೆನ್ ಯುದ್ಧ, ಎರಡನ್ನೂ ಒಂದೇ ಕೂತ ಕಡೆ ಆಡಬೇಕು. ನನಗೆ ಮೂರು ಗಂಟೆ ಹಿಡಿಯಿತು. ನಡುವೆ ನಿಲ್ಲಿಸಿ ಎರಡು ದಿನ ಬಿಟ್ಟು ಬಂದರೆ ಅದರ ಬಿಸಿ ಆರಿಹೋಗಿರುತ್ತದೆ. ಯುದ್ಧಕ್ಕೆ ಮುಂಚೆ ಗೋಡೆ ಸರಿಮಾಡುವುದೋ ಆಯುಧಶಾಲೆ ತೆರೆಸುವುದೋ ಎಂಬಂಥ ಆಯ್ಕೆಗಳು ಬರುತ್ತವೆ. ತಲೆ ಕೆಡಿಸಿಕೊಳ್ಳಬೇಡಿ, ಫಲಿತಾಂಶ ಬದಲಾಗುವುದಿಲ್ಲ. ನಡುನಡುವೆ ಆಟ ನಿಮ್ಮನ್ನು ಸಿರಿಯಾಗಿ ಆಡಿಸುತ್ತದೆ, ಆಗ ಗೆರಾಲ್ಟ್‌ನ ಔಷಧಿಗಳು ಕೈಗೆ ಸಿಗುವುದಿಲ್ಲ.

ಸಿರಿ ಅಂದೆ. ನಮ್ಮ ಮನೆಯಲ್ಲಿ ಈ ಆಟಕ್ಕೆ ಸಿರಿ ಆಟ ಎಂದೇ ಹೆಸರು. ಕಂಪ್ಯೂಟರ್ ಇರುವುದು ನಡುಮನೆಯಲ್ಲಿ, ಅಮ್ಮ ಅವರೆಕಾಳು ಬಿಡಿಸುತ್ತಾ ಪಕ್ಕದಲ್ಲಿ ಕೂತಿರುತ್ತಿದ್ದಳು. ಇವನು ಯಾರನ್ನೋ ಹುಡುಕ್ತಾ ಇದಾನೆ? ಅಂದಳು ಒಂದು ದಿನ. ಸಾಕುಮಗಳನ್ನಮ್ಮ, ಸಿರಿ ಅಂತ. ಸಿರಿ ಎಂಬ ಹೆಸರು ಕೇಳಿದ್ದೇ ತಡ, ಅದು ಅವಳ ಪಾಲಿಗೆ ಪಕ್ಕದ ಬೀದಿಯ ಹುಡುಗಿಯಾಯಿತು. ದಿನಾ ಸಂಜೆ ಬಂದು, ಸಿರಿ ಸಿಕ್ಕಿದ್ಲೇನೋ? ಎಂದು ಕೇಳುವುದು. ನಾನು ಗ್ವೆಂಟ್ ಆಡುತ್ತಿದ್ದರೆ, ಮಗಳು ಕಾಣೆಯಾಗಿರುವಾಗ ಇಸ್ಪೀಟು ಆಡ್ತಾ ಕೂತಿದಾನಲ್ಲ, ಇವನೆಂಥ ಅಪ್ಪ ಕಣೋ ಎಂದು ಬೈಯುವುದು. ಎಂಟು ತಿಂಗಳು ಹೀಗೇ ನಡೆಯಿತು. ದ್ವೀಪದ ದಿನ ಅಮ್ಮನನ್ನು ಕರೆದು ಕೂರಿಸಿಕೊಂಡಿದ್ದೆ. ಅಲ್ಲಿ ಏನಾಯಿತು ಎಂದು ಹೇಳುವುದಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆ ಮೇಲೆ ಹಾಲಿಟ್ಟಿದ್ದೆ ಎಂದು ಎದ್ದು ಹೋದಳು.

ಐದು ಮಾತುಗಳು

ಕೇರ್ ಮೊರ್ಹೆನ್ ಯುದ್ಧದ ನಂತರ ಸಿರಿ ಜೊತೆಗೆ ಐದು ಸಣ್ಣ ಸಂದರ್ಭಗಳು ಬರುತ್ತವೆ. ನೋಡಲು ಕ್ಷುಲ್ಲಕ. ಆಟದ ಅಂತ್ಯ ನಿಂತಿರುವುದು ಈ ಐದರ ಮೇಲೆ. ಮೂರರಲ್ಲಾದರೂ ಸರಿಯಾಗಿ ನಡೆದುಕೊಂಡರೆ ಕೆಟ್ಟ ಅಂತ್ಯ ತಪ್ಪುತ್ತದೆ.

ಮೊದಲನೆಯದು ‘ಬ್ಲಡ್ ಆನ್ ದಿ ಬ್ಯಾಟಲ್‌ಫೀಲ್ಡ್’ನಲ್ಲಿ. ಅವಳು ಕುಗ್ಗಿ ಕೂತಿರುತ್ತಾಳೆ. ಎಲ್ಲದರಲ್ಲೂ ಗೆಲ್ಲಬೇಕಾಗಿಲ್ಲ ಬಿಡು ಎಂದು ಹೇಳಿ ಜೊತೆಗೆ ಕುಡಿಯಲು ಕೂರುವ ಆಯ್ಕೆ ಇದೆ, ಮನಸ್ಸು ಹಗುರ ಮಾಡುವ ಉಪಾಯವೊಂದು ಗೊತ್ತು ಎನ್ನುವ ಆಯ್ಕೆಯೂ ಇದೆ. ಎರಡನೆಯದನ್ನು ಒತ್ತಿ, ಹಿಮದುಂಡೆ ಎರಚಾಡಿ. ಎರಡನೆಯದು ಅದೇ ಕ್ವೆಸ್ಟ್‌ನಲ್ಲಿ, ಅವಳನ್ನು ಚಕ್ರವರ್ತಿ ಎಮ್ಹಿರ್ ಬಳಿ ಕರೆದೊಯ್ದರೆ. ಅವನು ಹಣ ಕೊಡಲು ಬರುತ್ತಾನೆ, ಮುಟ್ಟಬೇಡಿ. ಮೂರನೆಯದು, ಮಾಟಗಾತಿಯರ ಕೂಟದ ಮುಂದೆ ಹೋಗುವಾಗ ನಾನೂ ಬರಲಾ ಎಂದು ಹಿಂದೆ ಬೀಳಬೇಡಿ, ಒಬ್ಬಳೇ ಹೋಗಿ ಮಾತಾಡಿಕೊಂಡು ಬರಲಿ. ನಾಲ್ಕು ಮತ್ತು ಐದು ‘ದಿ ಚೈಲ್ಡ್ ಆಫ್ ದಿ ಎಲ್ಡರ್ ಬ್ಲಡ್’ನಲ್ಲಿವೆ. ಪ್ರಯೋಗಾಲಯ ನೋಡಿ ಸಿಟ್ಟಿನಿಂದ ಒಡೆದು ಹಾಕಲು ಹೊರಟಾಗ ಸಮಾಧಾನ ಮಾಡಬೇಡಿ, ಒಡೆಯಲಿ. ತನ್ನನ್ನು ಕಾಪಾಡಿದ ಹುಡುಗನ ಸಮಾಧಿಗೆ ಹೋಗಬೇಕು ಎಂದಾಗ ಹೊತ್ತಿಲ್ಲ ಎನ್ನಬೇಡಿ, ಜೊತೆಗೆ ಹೋಗಿ.

ಮೊದಲ ಸಲ ನಾನು ಈ ಐದರಲ್ಲಿ ನಾಲ್ಕನ್ನು ತಪ್ಪಿಸಿದ್ದೆ. ಆಗ ನಾನು ಆರಿಸಿದ್ದು ಒಳ್ಳೆಯ ಉತ್ತರಗಳೇ ಅಂದುಕೊಂಡಿದ್ದೆ. ಸಮಾಧಾನ ಮಾಡಿದೆ, ಕಾವಲಿಗೆ ಜೊತೆಗೆ ಹೋದೆ, ಹೊತ್ತಾಯಿತೆಂದು ಅವಸರಿಸಿದೆ. ನಮ್ಮ ಮನೆಗಳಲ್ಲಿ ಬೆಳೆದ ಯಾವ ಗಂಡಸಾದರೂ ಇವನ್ನೇ ಆರಿಸುತ್ತಾನೆ. ಎರಡನೇ ಸಲ ಅಮ್ಮನನ್ನು ಕೇಳಿದೆ. ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಅವಳು ತೀರ್ಪು ಕೊಡುತ್ತಿದ್ದಳು. ಪ್ರಯೋಗಾಲಯದ ಹೊತ್ತಿಗೆ, ಒಡೀಲಿ ಬಿಡೋ, ಅವ್ಳಿಗೂ ಸಿಟ್ಟು ಬರಲ್ವಾ ಅಂದಳು. ಐದಕ್ಕೆ ಐದು.

ಚಕ್ರವರ್ತಿಯ ಬಳಿ ಹೋಗಬೇಕೇ ಬೇಡವೇ ಎನ್ನುವುದಕ್ಕೆ ಬೇರೆಯೇ ಲೆಕ್ಕವಿದೆ. ಒಳ್ಳೆಯ ಅಂತ್ಯಗಳು ಎರಡು. ಅದರಲ್ಲೊಂದು ಸಿಗಬೇಕಾದರೆ ಅವನ ಬಳಿ ಹೋಗಿರಬೇಕು, ಜೊತೆಗೆ ಯುದ್ಧದಲ್ಲಿ ಅವನ ಸಾಮ್ರಾಜ್ಯ ನಿಲ್ಫ್‌ಗಾರ್ಡ್ ಗೆದ್ದಿರಬೇಕು. ಹೋಗದಿದ್ದರೆ ಇನ್ನೊಂದು. ನನ್ನ ಒಲವು ಹೋಗದಿರುವ ಕಡೆಗೇ ಇದೆ. ಆದರೆ ‘ದ್ವೀಪಕ್ಕೆ ಮುಂಚೆ’ ಎಂಬ ಫೋಲ್ಡರ್ ನಿಮ್ಮ ಪೆನ್‌ಡ್ರೈವಿನಲ್ಲಿದೆಯಲ್ಲ, ಮುಂದೊಂದು ಮಳೆಗಾಲದಲ್ಲಿ ಇನ್ನೊಂದನ್ನೂ ನೋಡಬಹುದು.

ಎರಡನೇ ಬಾಗಿಲಿಗೆ ಮುಂಚೆ

ಈ ನಡುವೆ ನೋವಿಗ್ರಾಡ್‌ಗೆ ಮರಳಿದಾಗ, ನಾಲ್ಕು ಋಣ ತೀರಿಸಿದ್ದವರಿಗೆ ‘ರೀಸನ್ ಆಫ್ ಸ್ಟೇಟ್’ ಕಾಣಿಸುತ್ತದೆ. ಕಾಣಿಸಿದ ಕೂಡಲೇ ಮಾಡಿ, ಆಮೇಲೆ ಎನ್ನಬೇಡಿ. ಅದರ ಕೊನೆ ಒಂದು ನಾಟಕಶಾಲೆಯಲ್ಲಿ. ಅಲ್ಲಿ ಡೈಕ್‌ಸ್ಟ್ರಾ ಒಂದು ಕಡೆ, ರೋಶ್ ಇನ್ನೊಂದು ಕಡೆ. ರೋಶ್ ಕಡೆ ನಿಂತರೆ ನಿಲ್ಫ್‌ಗಾರ್ಡ್ ಗೆಲ್ಲುತ್ತದೆ. ಯಾರ ಕಡೆ ನಿಂತರೂ ಎದುರಿನವನು ಹಳೇ ಸ್ನೇಹಿತನೇ.

ಬಾಲ್ಡ್ ಮೌಂಟನ್ ಮೇಲೆ ವೈಲ್ಡ್ ಹಂಟ್ ಎಂಬ ಶತ್ರುಪಡೆಯ ಸೇನಾನಿ ಇಮ್ಲೆರಿತ್ ಜೊತೆಗಿನ ಕಾದಾಟ ಎರಡನೇ ಬಾಗಿಲಿಗೂ ಮುಂಚೆಯೇ ಬರುತ್ತದೆ. ಅದನ್ನು ಪರೀಕ್ಷೆ ಎಂದುಕೊಳ್ಳಿ. ಅಲ್ಲಿ ಏದುಸಿರು ಬಂದರೆ ಮುಂದೆ ಕಷ್ಟ, ವಾಪಸ್ ಬಂದು ಕವಚ ಸರಿಮಾಡಿಕೊಳ್ಳಿ. ಭಾರಿ ಆಸಾಮಿಗಳ ಎದುರು ಉರುಳುವುದಕ್ಕಿಂತ ಪಕ್ಕಕ್ಕೆ ಸರಿಯುವುದು ಮೇಲು. ಕೀಬೋರ್ಡಿನಲ್ಲಿ ಉರುಳಲು ಸ್ಪೇಸ್, ಸರಿಯಲು ಆಲ್ಟ್. ಉರುಳಿದರೆ ದೂರ ಹೋಗುತ್ತೀರಿ, ತಿರುಗಿ ಹೊಡೆಯುವಷ್ಟರಲ್ಲಿ ಅವನು ಸುಧಾರಿಸಿಕೊಂಡಿರುತ್ತಾನೆ. ಕ್ವೆನ್ ಹಾಕಿ, ಒಂದು ಏಟು ತಪ್ಪಿಸಿ, ಎರಡು ಹೊಡೆದು, ಸರಿದುಬಿಡಿ. ಮೂರನೆಯದಕ್ಕೆ ಆಸೆಪಟ್ಟವರೇ ಸಾಯುವುದು.

ಇದೇ ಕ್ರಮ ಆ ಪಡೆಯ ರಾಜ, ಕೊನೆಯ ಎದುರಾಳಿ ಎರೆಡಿನ್‌ವರೆಗೂ ನಡೆಯುತ್ತದೆ. ಮೂರು ನಾಲ್ಕು ಸಲ ಸೋತರೆ ಕ್ಲಿಷ್ಟತೆಯನ್ನು ಒಂದು ಹಂತ ಇಳಿಸಿಕೊಳ್ಳಿ, ಯಾವಾಗ ಬೇಕಾದರೂ ಬದಲಾಯಿಸಬಹುದು. ನಾನು ಇಳಿಸಿದ್ದೆ. ಯಾರೂ ಬಂದು ಕೇಳಲಿಲ್ಲ.

ಬಾಗಿಲು ದಾಟುವ ಮೊದಲು ಇನ್ನೊಂದು ಸೇವ್, ಇನ್ನೊಂದು ಫೋಲ್ಡರ್. ಫೋನ್ ಸೈಲೆಂಟ್ ಮಾಡಿ, ಊಟ ಮುಗಿಸಿ ಕೂತುಕೊಳ್ಳಿ. ಎರೆಡಿನ್ ಬಿದ್ದ ಮೇಲೆ ಮುಗಿಯಿತು ಎಂದು ಎದ್ದುಬಿಡಬೇಡಿ. ಅದಾದ ಮೇಲೂ ಕಥೆಯಿದೆ, ಅದೇ ನಿಜವಾದ ಕೊನೆ. ಹೆಸರುಗಳು ಉರುಳುವಾಗ ಸ್ಕಿಪ್ ಒತ್ತಬೇಡಿ.

ಆಮೇಲೆ

ಮುಗಿದ ಮೇಲೆ ಆಟ ನಿಮ್ಮನ್ನು ಮತ್ತೆ ಅದೇ ಲೋಕದಲ್ಲಿ ಬಿಡುತ್ತದೆ. ಉಳಿದ ಮೃಗಬೇಟೆ, ನಿಧಿಗಳು ಅಲ್ಲೇ ಇರುತ್ತವೆ. ಎರಡು ಅನುಬಂಧ ಕಥೆಗಳೂ ಇವೆ: 2015ರ ಅಕ್ಟೋಬರಿನ ‘ಹಾರ್ಟ್ಸ್ ಆಫ್ ಸ್ಟೋನ್’, ಲೆವೆಲ್ 32ರ ಸುಮಾರಿಗೆ. 2016ರ ಮೇ ತಿಂಗಳ ‘ಬ್ಲಡ್ ಆ್ಯಂಡ್ ವೈನ್’, ಲೆವೆಲ್ 34ಕ್ಕೆ. ಇದೇ ಅನುಕ್ರಮದಲ್ಲಿ ಆಡಿ. ಆದರೆ ಮಾರನೇ ದಿನವೇ ಶುರು ಮಾಡಬೇಡಿ, ಒಂದು ವಾರ ಬಿಡಿ. ನಾನು ಬೆಳಗಿನ ಜಾವ ಮುಗಿಸಿ, ನಿದ್ದೆ ಬಾರದೆ, ನಡೆದುಕೊಂಡು ಹೋಗಿ ತಟ್ಟೆ ಇಡ್ಲಿ ತಿಂದು ಬಂದೆ. ಸಿದ್ಧಗಂಗೆ ಬೆಟ್ಟದ ಕಡೆ ಇನ್ನೂ ಮಬ್ಬು ಬೆಳಕಿತ್ತು.

ವಾರ ಕಳೆದು ‘ಹಾರ್ಟ್ಸ್ ಆಫ್ ಸ್ಟೋನ್’ ತೆರೆದಾಗ ಅಮ್ಮ ಅವರೆಕಾಯಿ ಮೊರ ತಂದು ಪಕ್ಕದಲ್ಲಿ ಕೂತಳು.

“ಇದ್ರಲ್ಲಿ ಸಿರಿ ಇದಾಳಾ?”

“ಇಲ್ಲಮ್ಮ, ಇದು ಬೇರೆ ಕಥೆ.”

“ಹಂಗಾದ್ರೆ ನೀನೇ ಆಡ್ಕೋ” ಎಂದು ಮೊರ ಎತ್ತಿಕೊಂಡು ಹೊರಗಿನ ಜಗಲಿಗೆ ಹೋದಳು. ‘ಬ್ಲಡ್ ಆ್ಯಂಡ್ ವೈನ್’ನ ಕೊನೆಯಲ್ಲಿ ಗೆರಾಲ್ಟ್‌ನ ಮನೆಗೆ ಯಾರು ಬರಬಹುದು ಎನ್ನುವುದನ್ನು ನಾನಿನ್ನೂ ಅವಳಿಗೆ ಹೇಳಿಲ್ಲ.